ಒಂಬತ್ತು ರೊಟ್ಟಿ, ಏಳನೇ ಪ್ಯಾರಾ

ಶನಿವಾರ ಬೆಳಿಗ್ಗೆ ಎಂಟೂವರೆಗೆ ಪೂರ್ವಿ ಕುಣಿದ ರಭಸಕ್ಕೆ ಕೆಳಗಿನ ಮನೆಯವರು ತಮ್ಮ ಫ್ಯಾನು ಕಳಚಿ ಬಿದ್ದೀತೆಂದು ಹೆದರಿ ಮೇಲೆ ಓಡಿಬಂದರು. ಹೈದರಾಬಾದಿನ ಮೆಹದಿಪಟ್ಟಣಂನ ಆ ಹಳೆಯ ಅಪಾರ್ಟ್‌ಮೆಂಟಿನಲ್ಲಿ ಮೂವತ್ತರ ಹೆಣ್ಣುಮಗಳೊಬ್ಬಳು ಬೆಳಬೆಳಿಗ್ಗೆ ಹೀಗೆ ಕುಣಿಯುವುದು ದಿನನಿತ್ಯದ ಸಂಗತಿಯಲ್ಲ. ಏನಿಲ್ಲ, ರಿವ್ಯೂ ಬಂದಿದೆ ಎಂದು ಪೂರ್ವಿ ತೆಲುಗಿನಲ್ಲಿ ಹೇಳಿದಳು. ಅವರು ಯಾವುದೋ ಆಸ್ಪತ್ರೆಯ ರಿಪೋರ್ಟು ಒಳ್ಳೆಯದಾಗಿ ಬಂದಿದೆ ಎಂದುಕೊಂಡು, ದೇವರು ದೊಡ್ಡವನಮ್ಮಾ ಎಂದು ಅವಳ ತಲೆ ಸವರಿ ಇಳಿದುಹೋದರು. ಪೂರ್ವಿಗೂ ಹೆಚ್ಚುಕಮ್ಮಿ ಹಾಗೇ ಅನ್ನಿಸುತ್ತಿತ್ತು.

ವಿಷಯ ಇಷ್ಟು. ‘ಡಬಲ್ ಮೀಠಾ’ ಎಂಬುದು ಹೈದರಾಬಾದಿನ ಬ್ರೆಡ್ಡಿನ ಸಿಹಿತಿಂಡಿಯ ಹೆಸರಿಟ್ಟು ಪೂರ್ವಿ ಮತ್ತು ಸೃಜನ್ ಇಬ್ಬರೇ ಸೇರಿ ಕಟ್ಟಿದ ಎಲೆಕ್ಟ್ರಾನಿಕ್ ಸಂಗೀತದ ತಂಡ. ತಂಡ ಎಂದರೆ ದೊಡ್ಡ ಮಾತಾಯಿತು. ಎರಡು ಲ್ಯಾಪ್‌ಟಾಪು, ಒಂದು ಪುಟ್ಟ ಕೀಬೋರ್ಡು, ಒಂದು ಮೈಕು, ಮತ್ತು ಪೂರ್ವಿಯ ಮನೆಯ ಸ್ಟೋರ್‌ರೂಮು. ಆ ಕೋಣೆಯ ನಾಲ್ಕು ಗೋಡೆಗೂ ಸದ್ದು ಮಾರ್ದನಿಸದಂತೆ ಹೊದೆಯುವ ಹಳೆಯ ರಜಾಯಿಗಳನ್ನು ನೇತುಹಾಕಿ ಅವರು ಅದನ್ನು ಸ್ಟುಡಿಯೊ ಎಂದು ಕರೆಯುತ್ತಿದ್ದರು. ಪೂರ್ವಿಯ ತಾಯಿ ನಲಿನಿ ಈಗಲೂ ಅಲ್ಲೇ ಬೆಲ್ಲದ ಡಬ್ಬಿ ಇಡುತ್ತಿದ್ದಳು. ಪೂರ್ವಿ ರಾಗ ಕಟ್ಟುತ್ತಾಳೆ, ಹಾಡುತ್ತಾಳೆ. ಮೈಸೂರಿನಿಂದ ಬಂದ ಸೃಜನ್ ತಾಳ ಜೋಡಿಸಿ, ಎಲ್ಲವನ್ನೂ ತಿದ್ದಿ ತೀಡಿ ಮುಗಿಸುತ್ತಾನೆ. ವಾರವಿಡೀ ಅವನ ಉದ್ಯೋಗವೇ ಬೇರೆಯವರು ಬರೆದ ಪ್ರೋಗ್ರಾಮುಗಳಲ್ಲಿ ತಪ್ಪು ಹುಡುಕುವುದು. ಹೋಟೆಲಿಗೆ ಹೋದರೆ ಮೆನುವಿನಲ್ಲೂ ಎರಡು ತಪ್ಪು ಹುಡುಕದೆ ಅವನಿಗೆ ಊಟ ಸೇರುವುದಿಲ್ಲ.

ಎರಡು ವರ್ಷದ ಹಿಂದೆ ಇವರ ಮೊದಲ ಆಲ್ಬಂ ಬಂದಾಗ ರಾಮದಾಸ ಎಂಬ ವಿಮರ್ಶಕ ಒಂದೇ ಸಾಲಿನಲ್ಲಿ ಅದರ ಕಥೆ ಮುಗಿಸಿದ್ದ. ಹನ್ನೊಂದು ಹಾಡು ಕೇಳಿದೆ, ಒಬ್ಬ ಮನುಷ್ಯನೂ ಸಿಗಲಿಲ್ಲ ಎಂದು ಬರೆದಿದ್ದ. ಹೈದರಾಬಾದಿನಲ್ಲಿ ಇಂಥ ಸಂಗೀತ ಕೇಳುವ ನಾಲ್ಕಾರು ನೂರು ಜನ ಅವನು ಹೇಳಿದ್ದನ್ನೇ ನಂಬುತ್ತಿದ್ದರು. ಪೂರ್ವಿ ಆ ಸಾಲನ್ನು ಬಾಯಿಪಾಠ ಮಾಡಿದ್ದಳು. ಹಲ್ಲುಜ್ಜುವಾಗ ಅದು ನೆನಪಾಗುತ್ತಿತ್ತು, ಬಸ್ಸಿನಲ್ಲಿ ನೆನಪಾಗುತ್ತಿತ್ತು. ಎರಡನೇ ಆಲ್ಬಮ್ಮಿನಲ್ಲಿ ಆ ಮನುಷ್ಯನನ್ನು ಎಲ್ಲಿಂದಾದರೂ ಹಿಡಿದು ತಂದೇ ತರುತ್ತೇನೆಂದು ಹಟ ತೊಟ್ಟಳು.

ಮನುಷ್ಯ ಸಿಕ್ಕಿದ್ದು ಹಿಂದಿನ ಗಲ್ಲಿಯಲ್ಲಿ. ಅಲ್ಲಿ ಬಂಡೆಮ್ಮ ಎಂಬ ಅರವತ್ತೆಂಟರ ಹೆಂಗಸು ಮೂವತ್ತು ವರ್ಷದಿಂದ ಊರಿನ ಕನ್ನಡದ ಮನೆಗಳಿಗೆಲ್ಲ ಜೋಳದ ರೊಟ್ಟಿ ಮಾಡಿಕೊಡುತ್ತಿದ್ದಳು. ಅವಳು ರೊಟ್ಟಿ ಬಡಿಯುವ ಸದ್ದು ಪೂರ್ವಿ ಹುಟ್ಟಿದಾಗಿನಿಂದ ಅವಳ ಕಿವಿಯಲ್ಲಿತ್ತು. ಇಷ್ಟು ದಿನ ಅದನ್ನು ಕೇಳಿಸಿಕೊಂಡೇ ಇರಲಿಲ್ಲವಲ್ಲ ಎಂದು ತಲೆ ಚಚ್ಚಿಕೊಂಡು, ಮೈಕು ಹಿಡಿದು ಓಡಿದಳು.

ಬಂಡೆಮ್ಮ ಒಪ್ಪಿದಳು, ಆದರೆ ಒಂದು ಷರತ್ತು ಹಾಕಿದಳು. ತಾನು ಬಡಿದದ್ದೆಂದು ಎಲ್ಲೂ ಹೆಸರು ಬರೆಯಕೂಡದು, ಯಾರಿಗೂ ಹೇಳಕೂಡದು. ಜನ ಹೆಸರಿಗಾಗಿ ಬಡಿದಾಡುವ ಕಾಲದಲ್ಲಿ ಇದೇನು ವಿಚಿತ್ರ ಎಂದು ಪೂರ್ವಿ ಕೇಳಿದಾಗ ಅವಳು ಕಾರಣ ಹೇಳಿದಳು. ಲಿಂಗಸುಗೂರಿನ ಹತ್ತಿರದ ಅವಳ ತವರಿನಲ್ಲಿ ಬೆಳಕು ಹರಿಯುವ ಮೊದಲೇ ಓಣಿಯ ಎಲ್ಲ ಮನೆಯಲ್ಲೂ ರೊಟ್ಟಿ ಬಡಿಯುತ್ತಿದ್ದರು. ಹೊರಗೆ ನಿಂತವರು ಸದ್ದು ಕೇಳಿಯೇ ಇದು ಇಂಥವಳ ಕೈ ಎನ್ನುತ್ತಿದ್ದರು. ಅವಳ ಅಣ್ಣ ಸಂಗಣ್ಣ ಅದರಲ್ಲಿ ಎಲ್ಲರಿಗಿಂತ ಜಾಣ. ಈಗ ಅವನಿಗೆ ಎಂಬತ್ತು, ಕಣ್ಣು ಪೂರ್ತಿ ಮಂಜಾಗಿದೆ. ಬಂಡೆಮ್ಮನ ಮೊಣಕಾಲು ಬಸ್ಸು ಹತ್ತಲು ಬಿಡುತ್ತಿಲ್ಲ. ಅಣ್ಣ ತಂಗಿ ಮುಖ ನೋಡಿ ಐದು ವರ್ಷವಾಗಿತ್ತು.

“ಯಾರೂ ಹೇಳಬಾರದು. ಕೇಳಿದ ಕೂಡ್ಲೆ ನಮ್ಮಣ್ಣಗ ನನ್ನ ಕೈ ಅಂತ ಗೊತ್ತಾಗಬೇಕು. ಅಷ್ಟ ಸಾಕು ನನಗ,” ಎಂದಿದ್ದಳು.

ಹೀಗೆ ‘ಒಂಬತ್ತು ರೊಟ್ಟಿ’ ತಯಾರಾಯಿತು. ಒಂಬತ್ತು ಹಾಡು, ಎಲ್ಲದರ ಅಡಿಯಲ್ಲೂ ಬಂಡೆಮ್ಮನ ಕೈ. ಬಿಡುಗಡೆಯಾಗಿ ಎರಡು ವಾರದಲ್ಲಿ ಜನ ಕೇಳಿದ್ದು ಇನ್ನೂರ ಹನ್ನೆರಡು ಸಲ. ಅದರಲ್ಲಿ ನಲಿನಿಯೇ ನಲವತ್ತು ಸಲ ಕೇಳಿದ್ದಳು. ಈ ಶನಿವಾರ ಬೆಳಿಗ್ಗೆ ರಾಮದಾಸನ ವಿಮರ್ಶೆ ಬಂತು ನೋಡಿ, ಒಂಬತ್ತು ಗಂಟೆಯ ಹೊತ್ತಿಗೆ ಸಂಖ್ಯೆ ಆರು ನೂರು ದಾಟಿತ್ತು. ಈ ವರ್ಷ ಈ ಊರಿನಲ್ಲಿ ಇಷ್ಟು ಜೀವಂತವಾದ ಆಲ್ಬಂ ಇನ್ನೊಂದು ಬಂದಿಲ್ಲ ಎಂದು ಬರೆದಿದ್ದ ಪುಣ್ಯಾತ್ಮ. ಪೂರ್ವಿಯ ದನಿಯನ್ನು ಹೊಗಳಿದ್ದ. ನಾಲ್ಕನೇ ಹಾಡಿನ ಕೊಳಲನ್ನಂತೂ ಹೊಗಳಿದ್ದೇ ಹೊಗಳಿದ್ದು, ಯಾವುದೋ ಹಿರಿಯ ಜಾನಪದ ಕಲಾವಿದನ ಉಸಿರು ಅದರಲ್ಲಿದೆ ಎಂದಿದ್ದ. ಅದು ನಲಿನಿಯ ಕುಕ್ಕರಿನ ಸೀಟಿ. ಸೃಜನ್ ಅದನ್ನು ಎಳೆದೂ ಎಳೆದೂ ಆ ಸ್ಥಿತಿಗೆ ತಂದಿದ್ದ.

ಪೂರ್ವಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಸೃಜನ್‌ಗೆ ಫೋನ್ ಮಾಡಿ ಅರ್ಧ ಗಂಟೆಯಲ್ಲಿ ಬಾ ಎಂದಳು, ಬಂಡೆಮ್ಮನನ್ನು ಕೈಹಿಡಿದು ಕರೆತಂದು ಸೋಫಾದ ಮೇಲೆ ಕೂರಿಸಿದಳು, ಚಹಾ ಕೊಟ್ಟಳು. ಇಂಗ್ಲಿಷ್ ವಿಮರ್ಶೆಯನ್ನು ತಾನೇ ಕನ್ನಡ ಮಾಡುತ್ತ ಓದತೊಡಗಿದಳು. ಹೊಗಳಿಕೆಯ ಕಡೆ ದನಿ ಏರಿಸುತ್ತ, ಆರನೇ ಪ್ಯಾರಾ ಮುಗಿಸಿ ನೇರವಾಗಿ ಎಂಟಕ್ಕೆ ಹಾರಿದಳು.

ಅವಳ ದುರದೃಷ್ಟಕ್ಕೆ ಅಪ್ಪ ವೆಂಕಟೇಶರಾಯರು ಎದುರಿನ ಕುರ್ಚಿಯಲ್ಲಿ ಅದನ್ನೇ ಟ್ಯಾಬಿನಲ್ಲಿ ಓದುತ್ತ ಕೂತಿದ್ದರು. ನಾಂಪಲ್ಲಿಯ ಸರ್ಕಾರಿ ಕಚೇರಿಯಲ್ಲಿ ಮೂವತ್ತೈದು ವರ್ಷ ಫೈಲು ನೋಡಿದ ಜೀವ ಅದು. ಒಂದು ಪ್ಯಾರಾ ಬಿಟ್ಟುಹೋಗಿದೆ ಎಂದು ತಡೆದು, ಏಳನೆಯದನ್ನು ಅಕ್ಷರ ಬಿಡದೆ ಕನ್ನಡದಲ್ಲಿ ಓದಿ ಹೇಳಿದರು: ನನ್ನದೊಂದೇ ತಕರಾರು. ಇವರು ಬಳಸಿರುವ ಆ ಹಳೆಯ ತಾಳದ ಯಂತ್ರ. ಯಾವ ಕಂಪನಿಯದೋ ತಿಳಿಯದು, ಆದರೆ ಅದರ ಏಟಿನಲ್ಲಿ ಕೈ ಎಂಬುದೇ ಇಲ್ಲ. ಮುಂದಿನ ಸಲ ಇದನ್ನು ಮನೆಯಲ್ಲೇ ಬಿಟ್ಟು ಬರುವುದು ಒಳ್ಳೆಯದು.

ಪೂರ್ವಿ ಅಪ್ಪನನ್ನು ಕಣ್ಣಲ್ಲೇ ಸುಟ್ಟಳು. ಬಂಡೆಮ್ಮ ಚಹಾದ ಕಪ್ಪನ್ನು ನಿಧಾನವಾಗಿ ಕೆಳಗಿಟ್ಟು, ತನ್ನ ಎರಡೂ ಅಂಗೈ ತಿರುಗಿಸಿ ನೋಡಿಕೊಂಡಳು.

“ಸೋಮವಾರ ನಮ್ಮಣ್ಣಗ ಕೇಳಿಸೀನಿ. ಭಾಳ ಛಲೋ ಐತಿ, ಯಾವ ಮಷಿನ್ ಅದು ಅಂದ. ಮುದುಕಗ ಕಿವಿ ಮಂದ ಆಗ್ಯಾವ ಅನ್ಕೊಂಡು ಸುಮ್ಮನಾದೆ. ಈಗ ಈ ಸಾಹೇಬ್ರೂ ಅದ ಮಾತು ಬರದಾರ. ಅಂದ್ರ, ನನ್ನ ಕೈ ಹೋತೇನು ಪೂರ್ವಿ?”

ಐದು ದಿನ ಈ ಹೆಂಗಸು ಇದನ್ನು ಯಾರಿಗೂ ಹೇಳದೆ ದಿನಕ್ಕೆ ಇನ್ನೂರು ರೊಟ್ಟಿ ಬಡಿದಿದ್ದಾಳೆ, ಪ್ರತಿಯೊಂದರಲ್ಲೂ ತನ್ನ ಕೈಯನ್ನು ಹುಡುಕುತ್ತ. ಆ ಕ್ಷಣವೇ ಪೂರ್ವಿಯ ಸಂತೋಷವೆಲ್ಲ ಸಿಟ್ಟಾಗಿ ತಿರುಗಿತು. ಅವಳಿಗೆ ಸಿಟ್ಟು ಬರಲು ಹೆಚ್ಚು ಹೊತ್ತು ಬೇಡ. ಹಲಗೆ, ಹಂಚು, ಹಿಟ್ಟು ಎಲ್ಲ ಕಟ್ಟಿಕೊಂಡು ಹೋಗಿ ಆ ರಾಮದಾಸನ ಕಿವಿಯ ಪಕ್ಕದಲ್ಲೇ ಬಡಿದು ತೋರಿಸೋಣ, ಯಂತ್ರ ಯಾವುದು ಮನುಷ್ಯ ಯಾರು ಎಂದು ಅವನಿಗೆ ಗೊತ್ತಾಗಲಿ ಎಂದಳು. ಬೇಡವೆನ್ನಬಹುದೆಂದು ಬಂಡೆಮ್ಮನ ಮುಖ ನೋಡಿದರೆ ಅವಳು ಆಗಲೇ ಸೆರಗು ಸಿಕ್ಕಿಸಿಕೊಂಡು ಎದ್ದಿದ್ದಳು.

ವಿಳಾಸ ಹುಡುಕಿದ್ದು ವೆಂಕಟೇಶರಾಯರು. ರಾಮದಾಸ ಎಂದರೆ ತಮ್ಮ ಇಲಾಖೆಯಲ್ಲೇ ಇದ್ದ ಬೀದರಿನವರೊಬ್ಬರ ಮಗ ಎಂದು ಅವರಿಗೆ ನೆನಪಾಯಿತು. ಎರಡು ಫೋನಿನಲ್ಲಿ ಮನೆ ನಂಬರು ಸಿಕ್ಕಿತು. ಬೇಗಂಪೇಟೆಯಲ್ಲಿ, ರೈಲು ನಿಲ್ದಾಣದ ಹಿಂದಿನ ಬೀದಿ. ಏಳನೇ ಪ್ಯಾರಾ ಓದಿದ ಪಾಪಕ್ಕೆ ಪ್ರಾಯಶ್ಚಿತ್ತವೆಂಬಂತೆ ಆಟೊವನ್ನೂ ಅವರೇ ಕರೆದು ನಿಲ್ಲಿಸಿದರು.

ಅಷ್ಟರಲ್ಲಿ ಸೃಜನ್ ಒಂದು ಡಬ್ಬಿ ಉಸ್ಮಾನಿಯಾ ಬಿಸ್ಕತ್ತು ಹಿಡಿದು ಹಲ್ಲು ಕಿರಿಯುತ್ತ ಬಂದ. ಎಲ್ಲಿಗೆ ಹೊರಟಿದ್ದೇವೆ, ಯಾಕೆ ಎಂದು ಪೂರ್ವಿ ಒಂದೇ ಉಸಿರಿಗೆ ಹೇಳಿದಳು. ಅವನ ನಗು ಅಲ್ಲೇ ಆರಿತು. ಇಂದು ಶನಿವಾರ, ಅವರು ಮನೆಯಲ್ಲಿ ಇರಲಿಕ್ಕಿಲ್ಲ ಎಂದ. ಇದ್ದಾರೆ ಎಂದಳು. ವಿಮರ್ಶಕರ ಜೊತೆ ಜಗಳ ಮಾಡುವುದು ಸಭ್ಯತೆಯಲ್ಲ ಎಂದ. ರೊಟ್ಟಿ ಮಾಡಿಕೊಡುವುದರಲ್ಲಿ ಅಸಭ್ಯತೆ ಏನು ಬಂತು ಎಂದಳು. ಕೊನೆಗೆ ತನಗೆ ಹೊಟ್ಟೆನೋವು ಎಂದ. ಪೂರ್ವಿ ಅವನ ಮಡಿಲಿಗೆ ಹಿಟ್ಟಿನ ಡಬ್ಬಿ ಇಟ್ಟು ಆಟೊದೊಳಗೆ ತಳ್ಳಿದಳು. ದಾರಿಯುದ್ದಕ್ಕೂ ಅವನು ಡಬ್ಬಿಯ ಮುಚ್ಚಳವನ್ನೇ ಒತ್ತುತ್ತ ಕೂತ. ಆಟೊದವನು ಕನ್ನಡಿಯಲ್ಲಿ ಹಲಗೆಯನ್ನು ನೋಡಿ ನೋಡಿ, ಇದು ಯಾವ ಬಾಜಾ ಎಂದು ದಖನಿ ಉರ್ದುವಿನಲ್ಲಿ ಕೇಳಿದ. ತಿನ್ನೋ ಬಾಜಾ ಎಂದು ಬಂಡೆಮ್ಮ ಅವನದೇ ಭಾಷೆಯಲ್ಲಿ ಉತ್ತರ ಕೊಟ್ಟಳು.

ರಾಮದಾಸನೆಂದರೆ ದಪ್ಪ ಗಡ್ಡ, ಕೆಂಪು ಕಣ್ಣು ಎಂದು ಪೂರ್ವಿ ಎರಡು ವರ್ಷದಿಂದ ಕಲ್ಪಿಸಿಕೊಂಡಿದ್ದಳು. ಬಾಗಿಲು ತೆರೆದವನು ಬನಿಯನ್ನು ಹಾಕಿಕೊಂಡ ಸಣಕಲು ಮನುಷ್ಯ, ಕೈಯಲ್ಲೊಂದು ಉದ್ದನೆಯ ಕೋಲು. ಬಾಲ್ಕನಿಯಲ್ಲಿ ತಾಯಿ ಸಂಡಿಗೆ ಒಣಹಾಕಿ ಗುಡಿಗೆ ಹೋಗಿದ್ದರಂತೆ, ಇವನು ಕಾಗೆ ಕಾಯುತ್ತಿದ್ದ. ಊರಿನ ಸಂಗೀತಗಾರರನ್ನೆಲ್ಲ ನಡುಗಿಸುವ ವಿಮರ್ಶಕ ಕಾಗೆಗೆ ಹೆದರಿ ನಿಂತಿದ್ದನ್ನು ನೋಡಿ ಪೂರ್ವಿಗೆ ನಗು ಉಕ್ಕಿಬಂತು. ದಾರಿಯಲ್ಲಿ ತಯಾರು ಮಾಡಿಕೊಂಡು ಬಂದಿದ್ದ ಭಾಷಣವೆಲ್ಲ ಮರೆತುಹೋಯಿತು. ತಾವು ‘ಡಬಲ್ ಮೀಠಾ’ದವರು, ಯಂತ್ರವೆಂದು ಬರೆದದ್ದು ಈಕೆಯ ಕೈ ಎಂದಷ್ಟೇ ಹೇಳಿದಳು.

ಬಂಡೆಮ್ಮನಿಗೆ ಯಾವ ಭಾಷಣದ ಅಗತ್ಯವೂ ಇರಲಿಲ್ಲ. ನಮಸ್ಕಾರ ಮಾಡಿ, ಅಡುಗೆಮನೆ ಎಲ್ಲಿ ಐತ್ರಿ ಸಾಹೇಬ್ರ ಎಂದು ಕೇಳಿ, ನೇರ ಒಳಗೆ ಹೋದಳು. ಸಾಹೇಬರು ಕೋಲು ಹಿಡಿದುಕೊಂಡೇ ಅವಳ ಹಿಂದೆ ಹೋದರು. ಎಸರು ಕುದಿಯಿತು. ಹಿಟ್ಟು ನಾದಿದ್ದಾಯಿತು. ಹಲಗೆಯನ್ನು ನೆಲಕ್ಕೆ ಹಾಕಿ, ನೋವಿನ ಕಾಲನ್ನು ಒಂದು ಕಡೆಗೆ ಚಾಚಿ ಕೂತು, ಅವಳು ಶುರು ಮಾಡಿದಳು.

ಮೊದಲು ಮುದ್ದೆ ದಪ್ಪಗಿರುವಾಗ ಏಟು ಭಾರವಾಗಿ ಬಿತ್ತು. ರೊಟ್ಟಿ ಅಗಲವಾದಂತೆ ಸದ್ದು ತೆಳ್ಳಗಾಯಿತು, ಚುರುಕಾಯಿತು. ನಡುನಡುವೆ ಬೆರಳ ತುದಿಯಿಂದ ರೊಟ್ಟಿಯನ್ನು ಸ್ವಲ್ಪ ತಿರುಗಿಸುವಳು. ಆಗ ಕೈ ಗಾಳಿಯಲ್ಲಿ ಒಂದು ಕ್ಷಣ ನಿಲ್ಲುವುದು, ಬಳೆ ಕಿಣಿ ಎನ್ನುವುದು, ಮುಂದಿನ ಏಟು ಕೂದಲೆಳೆಯಷ್ಟು ತಡವಾಗಿ ಬೀಳುವುದು. ಮತ್ತೆ ಓಟ. ಇದನ್ನು ಕೇಳಿ ಕೇಳಿ ಬೆಳೆದ ಪೂರ್ವಿಗೂ ಇಂದು ಏನೋ ಹೊಸದಾಗಿ ಕೇಳಿಸುತ್ತಿತ್ತು.

ಮೂರು ರೊಟ್ಟಿ ಆಗುವವರೆಗೂ ರಾಮದಾಸ ಕಣ್ಣು ಮುಚ್ಚಿ ನಿಂತಿದ್ದ. ಆಮೇಲೆ ಕಣ್ಣು ತೆರೆದು, ಬಹಳ ಸಂಕೋಚದಿಂದ, “ಇದು ಅದಲ್ಲರಿ,” ಎಂದ.

ಪೂರ್ವಿ ಕೆರಳಿದಳು. ಅದೇ ಕೈ, ಅದೇ ಹಲಗೆ, ಅದೇ ಹಿಟ್ಟು, ಕಿವಿಯಲ್ಲಿ ಹತ್ತಿ ಇಟ್ಟುಕೊಂಡಿದ್ದೀರಾ ಎಂದು ಕೇಳುವುದೊಂದು ಬಾಕಿ. ಸಾಕ್ಷಿಗೆಂದು ಸೃಜನ್ ಕಡೆ ತಿರುಗಿದಳು. ಸೃಜನ್ ಬಾಲ್ಕನಿಯ ಕಾಗೆಗಳನ್ನು ಬಹಳ ಶ್ರದ್ಧೆಯಿಂದ ನೋಡುತ್ತಿದ್ದ. ಅವನ ಕಿವಿಗಳು ಕೆಂಪಗಾಗಿದ್ದವು.

“ನಾನೇ ಸರಿ ಮಾಡ್ದೆ,” ಎಂದ ಸೃಜನ್. “ಹತ್ತು ಹನ್ನೆರಡು ಏಟಿಗೆ ಒಂದು ಏಟು ತಡ ಆಗ್ತಿತ್ತು. ಬಳೆ ಸದ್ದು ಬೇರೆ. ಎಲ್ಲಾ ತೆಗೆದು, ಪ್ರತಿ ಏಟನ್ನೂ ಅದರದರ ಜಾಗಕ್ಕೆ ಕೂರಿಸ್ದೆ. ನಾಲ್ಕು ಸಾವಿರದ ಇನ್ನೂರು ಏಟು, ಒಂದೊಂದಾಗಿ. ಹದಿನೇಳು ದಿನ ಆಯ್ತು.”

ಹದಿನೇಳು ದಿನ ಎನ್ನುವಾಗ ಅವನ ದನಿಯಲ್ಲಿ ಇನ್ನೂ ಒಂದಿಷ್ಟು ಹೆಮ್ಮೆ ಉಳಿದಿತ್ತು. ಪೂರ್ವಿ ಅವನನ್ನು ಹಸಿಯಾಗಿ ನುಂಗಲು ಬಾಯಿ ತೆರೆದಳು, ಹಾಗೇ ಮುಚ್ಚಿದಳು. ಸ್ಟುಡಿಯೊದ ರಜಾಯಿಗೆ ಪಿನ್ನು ಚುಚ್ಚಿ ಒಂದು ಚೀಟಿ ಸಿಕ್ಕಿಸಿದ್ದು ನೆನಪಾಯಿತು. ಈ ಸಲ ಎಲ್ಲೂ ಒಂದು ತಪ್ಪೂ ಇರಕೂಡದು. ಅಕ್ಷರ ಅವಳದೇ. ತಿದ್ದಿದ ತಾಳವನ್ನು ಸೃಜನ್ ಮೊದಲ ಸಲ ಕೇಳಿಸಿದಾಗ, ಏನು ಮಾಡಿದ್ದಾನೆಂದು ಕೇಳದೆಯೇ, ಎಷ್ಟು ಕ್ಲೀನ್ ಆಗೇತಿ ಎಂದು ಚಪ್ಪಾಳೆ ತಟ್ಟಿ ಎರಡು ಬಿಸ್ಕತ್ತು ತಿಂದಿದ್ದೂ ಅವಳೇ. ಮನುಷ್ಯನನ್ನು ಹಿಡಿದು ತಂದದ್ದೇನೋ ನಿಜ. ತಂದವರೇ ಇಬ್ಬರೂ ಸೇರಿ ಅವನನ್ನು ಮತ್ತೆ ಹೊರಗೆ ಕಳಿಸಿದ್ದರು. ಎರಡು ವರ್ಷ ಶತ್ರುವೆಂದು ತಿಳಿದಿದ್ದ ಈ ಸಂಡಿಗೆ ಕಾಯುವ ಮನುಷ್ಯ ಎರಡು ಸಲವೂ ಸರಿಯಾಗಿಯೇ ಹೇಳಿದ್ದ. ಅವಳಿಗೆ ನಾಚಿಕೆಯಾಯಿತು, ಅಳು ಬಂತು, ಅದರ ಜೊತೆಗೇ ಎಲ್ಲಿಂದಲೋ ನಗುವೂ ಬಂತು.

ಬಂಡೆಮ್ಮನಿಗೆ ಸೃಜನ್ ಹೇಳಿದ್ದು ಅರ್ಧ ಅರ್ಥವಾಗಿತ್ತು. ಯಾವ ಏಟು ತಡವಾಯಿತು, ತೋರಿಸು ಎಂದಳು. ಅವನು ಫೋನಿನಲ್ಲಿದ್ದ ಮೂಲ ರೆಕಾರ್ಡಿಂಗ್ ಹಾಕಿ, ಇಲ್ಲಿ ನೋಡಿ ಅಮ್ಮ, ಇಲ್ಲಿ, ಇನ್ನೊಂದು ಇಲ್ಲಿ ಎಂದು ಬೆರಳೆತ್ತುತ್ತ ಹೋದ. ನಾಲ್ಕನೇ ಸಲ ಬೆರಳೆತ್ತಿದಾಗ ಬಂಡೆಮ್ಮ ಹಿಟ್ಟಿನ ಕೈಯಿಂದಲೇ ಅವನ ಬೆರಳು ಹಿಡಿದಳು.

“ಯಪ್ಪಾ, ಅದು ರೊಟ್ಟಿ ತಿರುವೋ ಹೊತ್ತು. ತಿರುವದ ಬಡದ್ರ ರೊಟ್ಟಿ ದುಂಡಗ ಹೆಂಗ ಆಗತೈತಿ?”

ಸೃಜನ್ ಅವಳನ್ನೇ ನೋಡಿದ. ಹದಿನೇಳು ದಿನ ಕೂತು ತಾನು ತೆಗೆದುಹಾಕಿದ್ದು ಏನೆಂದು ಅವನಿಗೆ ಆಗ ಹೊಳೆಯಿತು. ಬಂಡೆಮ್ಮನಿಗೂ ಇನ್ನೇನೋ ಹೊಳೆದಂತಿತ್ತು. ಮುಖವೆಲ್ಲ ಅರಳಿತು. ಹಾಗಾದರೆ ನನ್ನ ಕೈ ಎಲ್ಲೂ ಹೋಗಿಲ್ಲ, ಇಲ್ಲೇ ಐತಿ ಎಂದು ಆ ಕೈಯನ್ನು ಮೂವರಿಗೂ ಎತ್ತಿ ತೋರಿಸಿದಳು. ಆಮೇಲೆ ಅವಳನ್ನು ಹಿಡಿಯುವವರಿರಲಿಲ್ಲ. ಸೃಜನ್‌ನನ್ನು ಹಲಗೆಯ ಮುಂದೆ ಕೂರಿಸಿ ಬಡಿಯಲು ಹೇಳಿದಳು. ಅವನು ಗಡಿಯಾರದಂತೆ ಸಮವಾಗಿ ಬಡಿದ, ತಿರುಗಿಸಲು ಮರೆತ. ರೊಟ್ಟಿ ಯಾವುದೋ ಜಿಲ್ಲೆಯ ನಕಾಶೆಯಾಯಿತು. ರಾಮದಾಸ ಬರೀ ತಿರುಗಿಸಿದ, ಬಡಿಯಲು ಹೆದರಿದ. ಅವನದು ಮುದ್ದೆಯಾಗಿಯೇ ಉಳಿಯಿತು. ಪೂರ್ವಿ ನಕ್ಕು ನಕ್ಕು ಗೋಡೆಗೆ ಒರಗಿದಳು. ಬಿಸಿ ರೊಟ್ಟಿಗೆ ರಾಮದಾಸನ ತಾಯಿಯ ಶೇಂಗಾ ಚಟ್ನಿ, ಮೊಸರು ಹಾಕಿಕೊಂಡು ನಾಲ್ವರೂ ಅಡುಗೆಮನೆಯ ನೆಲದ ಮೇಲೆ ಕೂತು ಹನ್ನೊಂದು ರೊಟ್ಟಿ ಮುಗಿಸಿದರು. ಕಾಗೆಗಳು ಅಷ್ಟರಲ್ಲಿ ಬಾಲ್ಕನಿಯ ಸಂಡಿಗೆಯನ್ನೆಲ್ಲ ಮುಗಿಸಿದ್ದವು.

ಹೊರಡುವಾಗ ರಾಮದಾಸ ತಾನು ಬರೆದದ್ದನ್ನು ತಿದ್ದಲೇ ಎಂದು ಕೇಳಿದ. ಖರೆ ಬರದೀರಿ, ಯಾಕ ತಿದ್ದತೀರಿ, ತಿದ್ದೋದು ನಮ್ಮ ಕೆಲಸ ಎಂದಳು ಬಂಡೆಮ್ಮ. ನಾಲ್ಕನೇ ಹಾಡಿನ ಕೊಳಲು ನುಡಿಸಿದ ಆ ಹಿರಿಯರು ಯಾರು, ಅವರನ್ನೊಮ್ಮೆ ಭೇಟಿಯಾಗಬೇಕಲ್ಲ ಎಂದು ಅವನು ಬಾಗಿಲಲ್ಲಿ ನಿಂತು ಕೇಳಿದ. ಅವರು ಭಾಳ ಬಿಸಿ ಇರತಾರ ಎಂದಷ್ಟೇ ಹೇಳಿ ಪೂರ್ವಿ ಲಿಫ್ಟಿನೊಳಗೆ ನುಗ್ಗಿದಳು.

ಹದಿನೇಳು ದಿನದಲ್ಲಿ ಮಾಡಿದ್ದನ್ನು ಅಳಿಸಲು ಒಂದೇ ಮಧ್ಯಾಹ್ನ ಸಾಕಾಯಿತು. ತಡವಾದ ಏಟುಗಳೆಲ್ಲ ತಮ್ಮ ತಮ್ಮ ತಡಕ್ಕೆ ಮರಳಿದವು, ಬಳೆ ವಾಪಸು ಬಂತು. ಒಂದೊಂದು ಏಟು ಪರದೆಯ ಗೆರೆ ಬಿಟ್ಟು ಹೊರಗೆ ಹೋದಾಗಲೂ ಸೃಜನ್ ಹಲ್ಲುಕಚ್ಚಿ ಸಹಿಸಿದ. ಪೂರ್ವಿ ರಜಾಯಿಯ ಮೇಲಿನ ಚೀಟಿ ಕಿತ್ತು ಬೆಲ್ಲದ ಡಬ್ಬಿಯ ಅಡಿಗೆ ಹಾಕಿದಳು.

ಭಾನುವಾರ ಹನ್ನೊಂದು ಗಂಟೆಗೆ ಎಲ್ಲರೂ ಸ್ಟೋರ್‌ರೂಮಿನಲ್ಲಿ ಸೇರಿದರು. ಬಂಡೆಮ್ಮ ಅಣ್ಣನಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದಳು. ಊಟ ಆಯಿತೇ, ಮಳೆ ಆಯಿತೇ ಎಂಬ ಮಾತೆಲ್ಲ ಮುಗಿದ ಮೇಲೆ, ಈ ಹುಡುಗರು ಇನ್ನೊಂದು ಹಾಡು ಮಾಡ್ಯಾರ, ಕೇಳು ಎಂದಷ್ಟೇ ಹೇಳಿದಳು. ಯಾರೂ ಉಸಿರೆತ್ತಕೂಡದೆಂದು ಮೊದಲೇ ತಾಕೀತಾಗಿತ್ತು. ವೆಂಕಟೇಶರಾಯರು ಬಾಯಿಯ ಮೇಲೆ ಕೈ ಇಟ್ಟುಕೊಂಡು ಕೂತಿದ್ದರು. ಸೃಜನ್ ಮೊದಲ ಹಾಡು ಹಾಕಿದ.

ಏಟು ಶುರುವಾಯಿತು. ಭಾರವಾಗಿ, ಆಮೇಲೆ ಚುರುಕಾಗಿ. ಕೈ ನಿಂತಿತು, ಬಳೆ ಕಿಣಿ ಎಂದಿತು, ಏಟು ಕೂದಲೆಳೆಯಷ್ಟು ತಡವಾಗಿ ಬಿತ್ತು. ಫೋನಿನ ಆ ಕಡೆ ಯಾರೋ ಕೆಮ್ಮಿದರು. ಪೂರ್ವಿಯ ಹಾಡು ಬಂದು ಸೇರಿತು, ಅದರ ಹಿಂದೆ ಇನ್ನೇನೇನೋ ಬಂದವು. ಪೂರ್ವಿ ತನ್ನ ಜೀವಮಾನದಲ್ಲಿ ಯಾವ ವಿಮರ್ಶೆಗೂ ಹೀಗೆ ಕಾದಿರಲಿಲ್ಲ. ಹಾಡು ಮುಗಿಯಿತು. ಬಂಡೆಮ್ಮ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿದಳು.

“ಬಂಡೀ,” ಎಂದ ಸಂಗಣ್ಣ. “ಹಿಟ್ಟಿಗೆ ಎಸರು ಕಡಿಮಿ ಬಿದ್ದೈತಿ ನೋಡು. ಅವ್ವ ಇದ್ದಿದ್ರ ಬೈತಿದ್ಲು.”

ಮೂವತ್ತು ವರ್ಷದಲ್ಲಿ ತನ್ನ ರೊಟ್ಟಿಗೆ ಒಬ್ಬರಿಂದಲೂ ತಪ್ಪು ಹೇಳಿಸಿಕೊಳ್ಳದ ಬಂಡೆಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಹೌದೋ ಅಣ್ಣಾ, ಅವತ್ತು ಗಡಿಬಿಡಿ ಆಗಿತ್ತು ಎಂದು ಒಪ್ಪಿಕೊಂಡಳು. ಪೂರ್ವಿ ಸೃಜನ್‌ನ ಬೆನ್ನಿಗೆ ಗುದ್ದುತ್ತ ಅಳುತ್ತಿದ್ದಳು, ನಗುತ್ತಿದ್ದಳು. ರಾಯರು ಬಾಯಿಯ ಮೇಲಿನ ಕೈ ತೆಗೆಯುವುದನ್ನೇ ಮರೆತಿದ್ದರು. ಇನ್ನೊಮ್ಮೆ ಹಚ್ಚಲೇನು ಎಂದು ಬಂಡೆಮ್ಮ ಕೇಳಿದಳು.

“ಹಚ್ಚವಾ,” ಎಂದ ಸಂಗಣ್ಣ. “ಹಸಿವು ಆಗಾಕತ್ತೈತಿ ನನಗ.”